ಮೂರು ಫ್ಯಾನಿನ ಕಾರ್ಡು ಮತ್ತು ಅತ್ತೆಯ ಕೋಣೆ

ಸೇಡಂ
೧೩ ಜುಲೈ ೨೦೨೫, ರವಿವಾರ

ವಾಡಿ ಊರಿನ ಏಕೈಕ ಹೋಮ್ ಥಿಯೇಟರಿನ ಮಾಲೀಕರಾದ ಶ್ರೀ ರೇವಣಸಿದ್ದ ಅವರಿಗೆ, ಸೇಡಂನಿಂದ ಜಯಮಾಲಾ ಮಾಡುವ ಶರಣು.

ಗಂಡನ ಹೆಸರು ಹಿಡಿದು ಬರೆದಳು ಎಂದು ಮುಖ ಸಿಂಡರಿಸಬೇಡಿ. ನಾವು ಬೇರೆಯಾಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಿಮ್ಮ ನೆನಪಾದಾಗಲೆಲ್ಲ ನನ್ನ ಬಾಯಿಗೆ ಬಂದ ಹೆಸರುಗಳಿಗಿಂತ ಇದು ಎಷ್ಟೋ ಮೇಲು.

ನಿಮ್ಮ ಧ್ವನಿ ಸಂದೇಶ ಮುಟ್ಟಿತು. ಅಬ್ಬಾ, ಎಷ್ಟುದ್ದ! ಲಗ್ನದ ಹೊಸತರಲ್ಲಿ ಕೂಡ ನೀವು ನನ್ನ ಜೊತೆ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ನೆನಪಿಲ್ಲ. ನಾನೂ ಧ್ವನಿಯಲ್ಲೇ ಉತ್ತರ ಕಳಿಸಬಹುದಿತ್ತು. ಆದರೆ ನಿಮ್ಮ ಚಟ ನನಗೆ ಗೊತ್ತು. ಬೇರೆಯವರ ಸಂದೇಶವನ್ನು ಎರಡು ಪಟ್ಟು ವೇಗಕ್ಕೆ ಇಟ್ಟು, ಹಲ್ಲುಜ್ಜುತ್ತ ಕೇಳುವ ಮನುಷ್ಯರು ನೀವು. ಫೋನ್ ಮಾಡಿದರೆ "ಆತು, ಆತು" ಎಂದು ನಡುವೆಯೇ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಓಡಿಸಲು ಬರುವುದಿಲ್ಲ. ಅದಕ್ಕೇ ಕುಳಿತು ಬರೆದು, ವಾಡಿಗೂ ಸೇಡಂಗೂ ಸಾಮಾನು ಹೊಡೆಯುವ ನಿಮ್ಮ ಖಾಜಾಮಿಯಾನ ಟೆಂಪೊದಲ್ಲಿ ಕಳಿಸುತ್ತಿದ್ದೇನೆ.

ನಿಮ್ಮ ಪ್ರಶ್ನೆ ಇಷ್ಟೇ: ಮನೆಯ ಥಿಯೇಟರಿನಲ್ಲಿ ಸಿನೆಮಾ ನೋಡಲು ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು? ಹೈದರಾಬಾದಿಗೆ ಹೋಗಿ ಹೊತ್ತು ತಂದ ಮೂರು ಫ್ಯಾನಿನ ಕಾರ್ಡು ಸದ್ದು ಮಾಡುತ್ತದೆ, ಚಿತ್ರ ಜಗ್ಗುತ್ತದೆ, ಮಾತು ಸ್ಪಷ್ಟ ಕೇಳುವುದಿಲ್ಲ, ಆದ್ದರಿಂದ ಅದನ್ನು ಮಾರಿ ಇನ್ನೂ ದೊಡ್ಡದನ್ನು ತರಲೇ ಎಂದು ಕೇಳಿದ್ದೀರಿ. ತನಗೊಬ್ಬ ಹೆಂಡತಿ ಇದ್ದಾಳೆ, ಅವಳು ಲಗ್ನದ ವಿಡಿಯೊ ಮಿಕ್ಸಿಂಗ್ ಮಾಡುತ್ತಾಳೆ, ಇಂಥದ್ದು ಅವಳಿಗೆ ತಿಳಿಯುತ್ತದೆ ಎಂದು ಇಷ್ಟು ದಿನದ ಮೇಲೆ ಹೊಳೆಯಿತಲ್ಲ, ಭಾಳ ಸಂತೋಷ. ಸೇಡಂನ ಈ ನನ್ನ ಸ್ಟುಡಿಯೋಕ್ಕೆ ಬೀಗ ಜಡಿದು ವಾಡಿಯ ಮನೆಯಲ್ಲೇ ಕುಳಿತು ರೊಟ್ಟಿ ಬಡಿ ಎಂದವರು ನೀವು. "ಲಗ್ನದ ಕ್ಯಾಸೆಟ್ ಮಾಡೋದೂ ಒಂದು ಕೆಲಸೇನು?" ಎಂದು ನಿಮ್ಮ ಗೆಳೆಯರ ಎದುರು ನಕ್ಕವರೂ ನೀವೇ. ಆ ನಗು ಮುಗಿಯುವ ಮೊದಲೇ ನಾನು ಬ್ಯಾಗು ತುಂಬಿದ್ದೆ.

ಇರಲಿ. ಕೇಳಿದ್ದೀರಿ, ಹೇಳುತ್ತೇನೆ.

ನೀವು ತಂದದ್ದು ಆಟದ ಕಾರ್ಡು. ಹುಡುಗರು ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತ ಓಡುವಾಗ ಪರದೆಯ ಮೇಲಿನ ಗೋಡೆ, ಗಿಡ, ಹೊಗೆ ಎಲ್ಲವನ್ನೂ ಆ ಕಾರ್ಡು ಆಗಿಂದಾಗಲೇ ಬರೆದು ತೋರಿಸಬೇಕು. ಅದಕ್ಕೆ ಆ ಶಕ್ತಿ, ಆ ಬಿಸಿ, ಆ ಫ್ಯಾನುಗಳು. ಸಿನೆಮಾ ಹಾಗಲ್ಲ. ಅದನ್ನು ಯಾರೋ ಆಗಲೇ ತೆಗೆದು, ಕತ್ತರಿಸಿ, ಬಣ್ಣ ತಿದ್ದಿ, ಚಿಕ್ಕದಾಗಿ ಮಡಚಿ ಫೈಲಿನಲ್ಲಿಟ್ಟು ಕೊಟ್ಟಿದ್ದಾರೆ. ನಿಮ್ಮ ಕಾರ್ಡು ಮಾಡಬೇಕಾದದ್ದು ಆ ಮಡಿಕೆ ಬಿಚ್ಚಿ ಪರದೆಗೆ ಒಪ್ಪಿಸುವುದು, ಅಷ್ಟೇ. ಈ ಬಿಚ್ಚುವ ಕೆಲಸಕ್ಕೆಂದೇ ಕಾರ್ಡಿನ ಮೂಲೆಯಲ್ಲಿ ಒಂದು ಸಣ್ಣ ಭಾಗವಿರುತ್ತದೆ. ಒಂದೇ ಕಾಲದಲ್ಲಿ ಹುಟ್ಟಿದ ಕಾರ್ಡುಗಳಾದರೆ, ಸಣ್ಣದರಲ್ಲೂ ದೊಡ್ಡದರಲ್ಲೂ ಆ ಭಾಗ ಹೆಚ್ಚುಕಡಿಮೆ ಒಂದೇ. ಹಿಟ್ಟು ಬೀಸಿ ಡಬ್ಬಿಯಲ್ಲಿ ತುಂಬಿಟ್ಟಿರುವಾಗ ರೊಟ್ಟಿ ಬಡಿಯಲೆಂದು ಗಿರಣಿಯನ್ನೇ ಎತ್ತಿಕೊಂಡು ಬಂದಿದ್ದೀರಿ. ಈಗ ಆ ಗಿರಣಿ ಸಣ್ಣದಾಯಿತು, ಇನ್ನೂ ದೊಡ್ಡ ಗಿರಣಿ ತರಲೇ ಎಂದು ಕೇಳುತ್ತಿದ್ದೀರಿ. ಯೂಟ್ಯೂಬಿನಲ್ಲಿ ಯಾರೋ ಒಬ್ಬ ಕೆಂಪು ನೀಲಿ ದೀಪ ಹಚ್ಚಿಕೊಂಡು ಇದೇ ಬೆಸ್ಟ್ ಎಂದು ಕಿರುಚಿರಬೇಕು. ನಿಮಗೆ ದೀಪ ಕಂಡರೆ ಸಾಕು.

ಅದೂ ಯಾವ ಊರಿಗೆ ತಂದಿರಿ? ವಾಡಿಗೆ! ಸಿಮೆಂಟ್ ಫ್ಯಾಕ್ಟರಿಯ ಧೂಳಿಗೆ, ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದ ಊರಿಗೆ. ಮೂರು ಫ್ಯಾನುಗಳು ಮೂರು ಬಾಯಿಂದ ಧೂಳು ಕುಡಿದವು. ಬರೀ ಅಷ್ಟೇ ಆಗಿದ್ದರೆ ಬ್ಲೋವರ್ ಹಿಡಿದು ಊದಿದರೆ ಹೋಗುತ್ತಿತ್ತು. ತಾವು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೀರಿ. "ಅರಿಬಿ ನೀರಾಗ ಹಿಂಡಿ ಚೆಂದಾಗಿ ಒರಸೀನಿ, ಆದ್ರೂ ಸಪ್ಪಳ ಹೆಚ್ಚೇ ಆಗ್ಯದ" ಎಂದು ಸಂದೇಶದಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದಿರಿ! ಅದನ್ನು ಕೇಳಿ ನಾನು ಕುರ್ಚಿಯಿಂದ ಕೆಳಗೆ ಬೀಳುವುದೊಂದು ಬಾಕಿ. ಪ್ಯಾಕಿಂಗ್ ಪ್ಲಾಂಟಿನಲ್ಲಿ ನಿಂತು ಇಷ್ಟು ವರ್ಷ ಸಿಮೆಂಟಿನ ಪಗಾರ ಉಂಡವರಿಗೆ ಸಿಮೆಂಟಿಗೆ ನೀರು ತಾಗಿದರೆ ಏನಾಗುತ್ತದೆ ಎಂದು ಲಗ್ನದ ಕ್ಯಾಸೆಟ್ ಮಾಡುವವಳು ಹೇಳಿಕೊಡಬೇಕೇ? ಮೇಲಿಂದ ಮಳೆಗಾಲದ ಹಸಿ ಬೇರೆ. ಈಗ ಫ್ಯಾನಿನ ರೆಕ್ಕೆಗಳಿಗೆ ಗಿಲಾವು ಹಾಕಿದಂತಾಗಿದೆ. ಒಂದು ರೆಕ್ಕೆ ಭಾರ, ಇನ್ನೊಂದು ಹಗುರ. ಅದು ಗಡಗಡ ಎನ್ನದೆ ಭಜನೆ ಹಾಡುತ್ತದೆಯೇ? ಇದನ್ನು ನಿಮ್ಮ ಶಿಫ್ಟಿನವರ ಮುಂದೆ ಹೇಳಬೇಡಿ. ನಕ್ಕು ನಕ್ಕು ಯಾರಾದರೂ ಚೀಲ ಸಾಗಿಸುವ ಬೆಲ್ಟಿನ ಮೇಲೆ ಬಿದ್ದಾರು.

ಚಿತ್ರ ಜಗ್ಗುವುದಕ್ಕೂ ಕಾರ್ಡಿಗೂ ಸಂಬಂಧವಿಲ್ಲ. ಸಿನೆಮಾ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರದ ಲೆಕ್ಕದಲ್ಲಿ ಓಡುತ್ತದೆ. ನೀವು ಪರದೆಯನ್ನು ಅರವತ್ತಕ್ಕೆ ಇಟ್ಟಿದ್ದೀರಿ. ಇಪ್ಪತ್ನಾಲ್ಕು ಮಂದಿಗೆ ಅರವತ್ತು ಹೋಳಿಗೆ ಹಂಚಿ ನೋಡಿ, ಒಬ್ಬನಿಗೆ ಎರಡು ಬಂದರೆ ಇನ್ನೊಬ್ಬನಿಗೆ ಮೂರು ಬರುತ್ತವೆ. ಹಾಗೆಯೇ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಕಾಣುತ್ತದೆ. ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗ ಕಣ್ಣಿಗೆ ಎಳೆದಂತಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಅರವತ್ತನ್ನು ಇಪ್ಪತ್ನಾಲ್ಕು ಮಾಡಿ, ಜಗ್ಗುವುದು ನಿಲ್ಲುತ್ತದೆ. ಇದಕ್ಕೆ ಹೈದರಾಬಾದಿನ ಬಸ್ಸು ಹತ್ತಬೇಕಾಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಮ್ಮ ಮನೆಯಲ್ಲಿ ನೆಲ ಯಾವಾಗಲೂ ಡೊಂಕೇ.

ಮೂರನೆಯ ದೂರಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಸಂದೇಶವನ್ನು ಈ ಮನೆಯಲ್ಲಿ ಯಾರು ಯಾರು ಕೇಳಿದರು ಎಂಬುದನ್ನು ಹೇಳುತ್ತೇನೆ. ಇದನ್ನು ನೀವು ಕೇಳಿಲ್ಲ. ಕೇಳಬೇಕಿತ್ತು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಖಾಜಾಮಿಯಾನ ಟೆಂಪೊದಲ್ಲಿ ಬಂದಿರಿ. ನಿಮ್ಮ ತಾಯಿಯನ್ನು, ಅವರ ಟ್ರಂಕನ್ನು, ಹೊದೆಯುವ ಕೌದಿಗಳ ಗಂಟನ್ನು ಮನೆಯೂ ಆಗಿರುವ ನನ್ನ ಸ್ಟುಡಿಯೋದ ಮೆಟ್ಟಿಲ ಮೇಲೆ ಇಳಿಸಿದಿರಿ. "ಗ್ವಾಡಿ ಕೆಲಸ ಆಗೋತನಕ ನಾಕು ದಿವಸ ಅವ್ವ ಇಲ್ಲಿರ್ಲಿ" ಎಂದಿರಿ. ಒಳಗೆ ಬಂದು ಒಂದು ಲೋಟ ನೀರು ಕುಡಿಯಲಿಲ್ಲ. ಬಿಟ್ಟ ಹೆಂಡತಿಯ ಮನೆಯಲ್ಲಿ ತಾಯಿಯನ್ನು ಇಳಿಸಿ ಹೋಗುವ ಗಂಡಸು ಕಾಗಿಣಾ ಹೊಳೆಯ ಎರಡೂ ದಂಡೆಯಲ್ಲಿ ಹುಡುಕಿದರೂ ಇನ್ನೊಬ್ಬ ಸಿಗಲಾರ. ಆಗ ಹೊಲಗಳು ಬಿರಿದು ಬಿದ್ದಿದ್ದವು. ಈಗ ಮಳೆ ಬಿದ್ದು, ತೊಗರಿ ಬಿತ್ತಿ, ಮೊಳಕೆಯೂ ಬಂದಿದೆ. ನಿಮ್ಮ ನಾಲ್ಕು ದಿವಸ ಇನ್ನೂ ಮುಗಿದಿಲ್ಲ.

ಯಾವ ಗೋಡೆ, ಯಾವ ಕೆಲಸ ಎಂದು ಆಮೇಲೆ ತಿಳಿಯಿತು. ಅತ್ತೆ ಮಲಗುತ್ತಿದ್ದ ಒಳಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ, ಥಿಯೇಟರಿಗೆ ಅದೇ ಬೇಕು. ಅವರು ತಿರುಗಿ ಬಂದ ಮೇಲೆ ಅವರಿಗೆ ಪಡಸಾಲೆಯಲ್ಲಿ ಬಾಗಿಲ ಪಕ್ಕ ಪಲ್ಲಂಗ ಹಾಕುತ್ತೀರಂತೆ. ಅಂದರೆ ಬಂದವರು ಚಪ್ಪಲಿ ಬಿಡುವ ಜಾಗದಲ್ಲಿ. ಅಲ್ಲೇ ಇನ್ನೊಂದು ಚಪ್ಪಲಿಯ ಹಾಗೆ ಬಿದ್ದಿರಲಿ ಎಂದು. ರವಿವಾರ ಬಂದರೆ ಶಿಫ್ಟಿನ ಗೆಳೆಯರನ್ನೆಲ್ಲ ಕರೆದು ಸಿನೆಮಾ ತೋರಿಸಿ ಮಿರ್ಚಿ ಭಜಿ ತಿನ್ನಿಸುತ್ತೀರಿ ಎಂದೂ ಕೇಳಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಸಂದೇಶ ಬಂದಾಗ ನಾನು ಇಲ್ಲೇ ಕುಳಿತು ಚಿಂಚೋಳಿಯ ಒಂದು ಲಗ್ನದ ವಿಡಿಯೊ ಕತ್ತರಿಸುತ್ತಿದ್ದೆ. ಕೈ ಬಿಡುವಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ ಮೇಲೆ ಇಟ್ಟೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ನಿಮ್ಮ ದನಿ ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ನೀವೇ ಬಂದಿದ್ದೀರಿ ಎಂದು ಬಾಗಿಲ ಕಡೆ ನೋಡಿದರು. ಫೋನು ಎಂದು ತಿಳಿದ ಮೇಲೆ ಅದರ ಎದುರು ಸ್ಟೂಲ್ ಎಳೆದುಕೊಂಡು ಕುಳಿತರು. ನೀವು ಫ್ಯಾನು ಎಂದಿರಿ, ಪರದೆ ಎಂದಿರಿ, ಕಾರ್ಡು ಎಂದಿರಿ. ಅವರು ಒಂದೊಂದು ಮಾತಿಗೂ "ಹೂಂ... ಹೂಂ" ಎನ್ನುತ್ತಿದ್ದರು. ಸಂದೇಶ ಮುಗಿಯಿತು. ಅವರು ಏಳಲಿಲ್ಲ. "ಇನ್ನೊಮ್ಮಿ ಹಚ್ಚು ಮಾಲಾ" ಎಂದರು. ಹಚ್ಚಿದೆ. ಅದೂ ಮುಗಿಯಿತು.

"ನಡುವ ಎಲ್ಲೋ ನನ್ನ ಸುದ್ದಿ ಕೇಳಿರ್ತಾನ ನೋಡು. ನನ್ನ ಕಿವಿಗಿ ಬೀಳವಲ್ದು. ಕಿವಿ ಮಂದ ಆಗ್ಯಾವ" ಎಂದರು.

ಅವರ ಕಿವಿ ಮಂದ ಆಗಿಲ್ಲ ರೇವಣಸಿದ್ದ ಅವರೇ. ಬೀದಿಯ ಆ ತುದಿಯ ಹೊಟೇಲಿನಲ್ಲಿ ಚಹಾದ ಬಸಿ ಒಡೆದರೆ ಇಲ್ಲಿ ಕುಳಿತು ಹೇಳುತ್ತಾರೆ. ನಾನು ಏನೆನ್ನಲಿ? "ಕೇಳ್ಯಾರ್ರಿ ಅತ್ತಿ. ಅವ್ವ ಹ್ಯಾಂಗದಾಳ, ಉಣ್ಣಾಕತ್ತಾಳೇನು ಅಂತ ಕೇಳ್ಯಾರ" ಎಂದೆ. ಅವರ ಮುಖ ಅರಳಿತು. ಎದ್ದು ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದರು. ನಿಮ್ಮ ಮಾನ ಉಳಿಸಲು ನಾನು ಸುಳ್ಳು ಹೇಳಬೇಕಾಯಿತು ನೋಡಿ. ನನ್ನ ಬಾಯಿ ಇನ್ನೂ ಕಹಿಯಾಗಿದೆ.

ಈಗ ಮೂರನೆಯ ದೂರು. ಮಾತು ಸ್ಪಷ್ಟ ಕೇಳುವುದಿಲ್ಲ, ಕೋಣೆಯೆಲ್ಲ ಗುಂಯ್ ಎನ್ನುತ್ತದೆ, ಕಾರ್ಡು ಬದಲಿಸಿದರೆ ಸರಿಹೋದೀತೇ? ಹೋಗುವುದಿಲ್ಲ. ದನಿಯೂ ಕಾರ್ಡಿನ ಕೇಬಲ್ಲಿನಲ್ಲೇ ಹೋಗುತ್ತದೆ, ನಿಜ. ಆದರೆ ಕಾರ್ಡು ಅದನ್ನು ಕೆಡಿಸುವುದಿಲ್ಲ, ತಿದ್ದುವುದೂ ಇಲ್ಲ. ಟಪಾಲಿನವನಂತೆ ತಂದು ಮುಟ್ಟಿಸುತ್ತದೆ. ಕೆಟ್ಟಿರುವುದು ನಿಮ್ಮ ಕೋಣೆ. ನೆಲ ಶಹಾಬಾದ್ ಕಲ್ಲು, ಗೋಡೆ ಕಲ್ಲು, ತಲೆಯ ಮೇಲೆ ಹಾಸಿದ್ದೂ ಕಲ್ಲು. ಬೇಸಿಗೆಯಲ್ಲಿ ಟಿವಿಯನ್ನು ಮೊದಲ ಸಲ ಅಲ್ಲಿ ಇಟ್ಟು ನೋಡಿದಾಗ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು ಎಂದು ಸಂದೇಶದಲ್ಲಿ ನೀವೇ ಹೇಳಿದ್ದೀರಿ. ಆಗ ಆ ಕೋಣೆಯಲ್ಲಿ ಏನಿತ್ತು? ಅತ್ತೆಯ ಪಲ್ಲಂಗ, ಅದರ ಮೇಲಿನ ಗಾದಿ, ಜೋಳದ ಚೀಲಗಳು, ಹಗ್ಗದ ತುಂಬ ಸೀರೆ, ಮೂಲೆಯಲ್ಲಿ ಆಳೆತ್ತರ ಕೌದಿಗಳ ಒಟ್ಟಿಲು. ಬಟ್ಟೆ ದನಿಯನ್ನು ಕುಡಿಯುತ್ತದೆ, ಕಲ್ಲು ತಿರುಗಿ ಮುಖಕ್ಕೆ ಎಸೆಯುತ್ತದೆ. ನೀವು ತಾಯಿಯನ್ನೂ ತಾಯಿಯ ಬಟ್ಟೆಬರೆಯನ್ನೂ ಹೊರಗೆ ಹಾಕಿ, ಸಾಲದ್ದಕ್ಕೆ ಗೋಡೆಗೆ ಹೊಸ ಪಾಲಿಶ್ ಕಲ್ಲು ಕೂಡಿಸಿದಿರಿ. ಕೋಣೆ ಬಾವಿಯಾಯಿತು. ಬಾವಿಗೆ ಎಷ್ಟು ದೊಡ್ಡ ಕಾರ್ಡು ಇಳಿಬಿಟ್ಟರೇನು?

ಇದನ್ನು ನಿಮಗೂ ಯಾರೋ ಹೇಳಿದ್ದಾರೆ ಎಂದು ಕಾಣುತ್ತದೆ. ಏಕೆಂದರೆ ಮೊನ್ನೆ ಖಾಜಾಮಿಯಾ ಟೆಂಪೊ ತಂದು ನಿಲ್ಲಿಸಿದ. "ಅಕ್ಕಾರ, ಅಣ್ಣಾರು ಕೌದಿ ತರ್ಲಿಕ್ಕ ಹೇಳ್ಯಾರ" ಎಂದ. ಗೋಡೆಗೆ ದಪ್ಪ ಬಟ್ಟೆ ಕಟ್ಟಿದರೆ ಗುಂಯ್ ನಿಲ್ಲುತ್ತದಂತೆ, ಹೊಸ ಪರದೆ ಹೊಲಿಸುವ ಬದಲು ಅವ್ವನ ಕೌದಿಗಳೇ ಆದಾವು ಎಂದಿರಂತೆ.

ಈ ವಿವರವೆಲ್ಲ ನನಗೆ ಆಮೇಲೆ ತಿಳಿದದ್ದು. ಅವನು ಬಂದಾಗ ನಾನು ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿದ್ದೆ. ಅವನ ಮಾತು ಮೊದಲು ಬಿದ್ದದ್ದು ಅತ್ತೆಯ ಕಿವಿಗೆ. ಮಗ ಗಾಡಿ ಕಳಿಸಿದ್ದಾನೆ, ಕೌದಿ ತರಲು ಹೇಳಿದ್ದಾನೆ. ನಮ್ಮ ಕಡೆ ಹೆಣ್ಣುಮಕ್ಕಳು ಕೌದಿ ಕಟ್ಟಿದರು ಎಂದರೆ ಮನೆ ಬದಲಿಸಿದರು ಎಂದೇ ಅರ್ಥ. ಹೊದೆಯುವವಳನ್ನು ಬಿಟ್ಟು ಬರೀ ಹೊದಿಕೆಯನ್ನು ಕರೆಸುವ ಮನುಷ್ಯರೂ ಇರುತ್ತಾರೆ ಎಂದು ಅವರಿಗೆ ಹೇಗೆ ಹೊಳೆಯಬೇಕು?

ನಾನು ಫೋನಿಟ್ಟು ಹೊರಗೆ ಬರುವಷ್ಟರಲ್ಲಿ ಅವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಟ್ರಂಕಿನ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟು, ಪಕ್ಕದ ಹೊಲಿಗೆ ಅಂಗಡಿಯ ಬಷೀರಾಗೆ "ಹೋಗಿ ಬರ್ತೀನವ್ವ, ನನ್ನ ಮಗ ಗಾಡಿ ಕಳಿಸ್ಯಾನ" ಎಂದು ಹೇಳಿ ಮುಗಿಸಿ, ಟೆಂಪೊದ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಮಡಿಲಲ್ಲಿ ನಿಮಗಾಗಿ ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ. ಖಾಜಾಮಿಯಾ ಬಾಗಿಲು ಹಿಡಿದು ನಿಂತಿದ್ದ. ನನ್ನನ್ನು ನೋಡಿದ, ನೆಲ ನೋಡಿದ. ನಾನೇ ಹೇಳಲಿ ಎಂದು ಕಾದ. ಕೊನೆಗೆ ಅವನೇ "ಯವ್ವಾ, ಬರೀ ಕೌದಿ ಅಂದಾರ" ಎಂದ.

ಅತ್ತೆ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. "ನನಗ ಗೊತ್ತದ ತಗಿಯೋ. ಸೀಟ ಮೆತ್ತಗದನೋ ಇಲ್ಲೋ ನೋಡ್ಲಿಕ್ಕ ಕುಂತಿದ್ದೆ" ಎಂದು ಇಳಿದರು. ಬಷೀರಾ ತನ್ನ ಮೆಶಿನ್ನಿನ ಮೇಲೆ ತಲೆ ಬಗ್ಗಿಸಿಕೊಂಡಳು. ಅತ್ತೆ ಯಾರ ಮುಖವನ್ನೂ ನೋಡದೆ ಕೌದಿ ಗಂಟನ್ನು ತಾವೇ ಎತ್ತಿ ಟೆಂಪೊದ ಹಿಂದೆ ಹಾಕಲು ಹೋದರು, ಮಗನಿಗೆ ಬೇಕಾಗಿದೆಯಲ್ಲ ಎಂದು. ಅದನ್ನು ಅವರ ಕೈಯಿಂದ ಕಸಿದು ಒಳಗೆ ತಂದವಳು ನಾನು. ಕೌದಿ ಬರಲಿಲ್ಲ ಎಂದು ಪಾಪ ಆ ಖಾಜಾಮಿಯಾನನ್ನು ಬೈದಿರಂತೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ನನಗೆ ಅಭ್ಯಾಸವಿದೆ, ನಿಮಗೂ ಇದೆ.

ನಿಮ್ಮ ಮೇಲೆ ಸಿಟ್ಟಾಗಿ ನನಗೆ ಹಳೆಯ ರೂಢಿ. ಅವತ್ತು ಬಂದದ್ದು ಹೇಸಿಗೆ. ಅದು ಇನ್ನೂ ಇಳಿದಿಲ್ಲ.

ಹಾಗೆಂದು ನಾನೇನೋ ದೊಡ್ಡ ಪುಣ್ಯವಂತೆ, ಅತ್ತೆಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೇನೆ ಎಂದು ತಿಳಿಯಬೇಡಿ. ವಾಡಿಯಲ್ಲಿ ಒಂದೇ ಒಲೆಯ ಮುಂದೆ ನಾವಿಬ್ಬರೂ ನಾಯಿ ಬೆಕ್ಕಿನ ಹಾಗೆ ಇದ್ದದ್ದು ನಿಮಗೆ ಗೊತ್ತೇ ಇದೆ. ಇಲ್ಲಿಯೂ ಅವರು ನನಗೆ ಭಾರವೇ. ನಾನು ಕೆಲಸಕ್ಕೆ ಕುಳಿತರೆ ಬೆನ್ನ ಹಿಂದೆ ಬಂದು ಕುಳಿತು ಕಂಡವರ ಲಗ್ನವನ್ನೆಲ್ಲ ತೂಗುತ್ತಾರೆ. "ಈ ಹುಡುಗಿ ನಗವಲ್ಲಳು, ಮನಸಿಲ್ಲದ ಲಗ್ನ ಇದು." "ಇವರು ಬೀಗರಿಗಿ ಕುಂದ್ರಲಿಕ್ಕ ಗಾದಿ ಸುದ್ದಾ ಹಾಸಿಲ್ಲ ನೋಡು." ಊಟದ ಪಂಕ್ತಿಯನ್ನು ನಾನು ಕತ್ತರಿಸಲು ಹೋದರೆ ಕೈ ಹಿಡಿಯುತ್ತಾರೆ. "ಅದನ್ಯಾಕ ತಗೀತಿ? ಮಂದಿ ಹೊಟ್ಟಿ ತುಂಬ ಉಂಡ್ರೋ ಇಲ್ಲೋ ಅದ ನೋಡಬೇಕಾದದ್ದು." ಅವರ ಕಾಟ ತಾಳದೆ ಚಿಂಚೋಳಿಯವರ ವಿಡಿಯೊದಲ್ಲಿ ಪಂಕ್ತಿಯನ್ನು ಪೂರ್ತಿ ಉಳಿಸಿದೆ. ಆ ಮನೆಯವರು ಅದನ್ನೇ ತಿರುಗಿ ತಿರುಗಿ ನೋಡುತ್ತಾರಂತೆ, ಪಂಕ್ತಿಯಲ್ಲಿ ಅವರ ಇಡೀ ಊರೇ ಕುಳಿತಿದೆಯಂತೆ. ಮೇಲಿಂದ ಅತ್ತೆ ಬಷೀರಾ ಕೊಟ್ಟ ಚಿಂದಿಗಳನ್ನೆಲ್ಲ ಕೂಡಿಸಿ ಹೊಸ ಕೌದಿಯೊಂದನ್ನು ಹೊಲಿಯಲು ಹಿಡಿದು, ಮನೆ ತುಂಬ ದಾರ, ಮನೆ ತುಂಬ ಸೂಜಿ. ನಾನು ಬೈಯುತ್ತೇನೆ, ಅವರೂ ಬೈಯುತ್ತಾರೆ. ಆಮೇಲೆ ಹಾಲಿನ ಕೆನೆಯನ್ನು ನನ್ನ ತಾಟಿಗೆ ಹಾಕಿ, ನಿಮ್ಮ ಪಾಲೆಲ್ಲಿ ಎಂದು ಕೇಳಿದರೆ ಬೆಕ್ಕು ಕುಡಿದಿರಬೇಕು ಎಂದು ಸುಳ್ಳು ಹೇಳುತ್ತಾರೆ.

ಸಂಜೆ ವಾಡಿ, ಚಿತ್ತಾಪುರದ ಕಡೆಯಿಂದ ಬಸ್ಸು ಬರುವ ಹೊತ್ತಿಗೆ ಮಾತ್ರ ಸೂಜಿ ಇಟ್ಟು ಮೆಟ್ಟಿಲ ಮೇಲೆ ಹೋಗಿ ಕುಳಿತುಬಿಡುತ್ತಾರೆ. ಎದುರಿಗೆ ನಿಂತ ಬಸ್ಸು ಖಾಲಿಯಾಗುವ ತನಕ ಇಳಿಯುವವರನ್ನು ನೋಡುತ್ತಾರೆ. "ಕೆಲಸ ಭಾಳ ಇರ್ತಾವ ಅವಗ" ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ. ಟೆಂಪೊದಿಂದ ಇಳಿದ ಮರುದಿನವೂ ಹೋಗಿ ಕುಳಿತರು. ಇದನ್ನೆಲ್ಲ ನೋಡುತ್ತ ಕೂಡಲು ನನ್ನ ಕೈಯಿಂದ ಆಗುವುದಿಲ್ಲ. ಬೇಗ ನಿಮ್ಮ ಥಿಯೇಟರು ಮುಗಿಸಿ, ಬಂದು ನಿಮ್ಮ ತಾಯಿಯನ್ನು ಕರೆದುಕೊಂಡು ಹೋಗಿ, ನನ್ನ ಹೊರೆ ಇಳಿಸಿ.

ಈಗ ಕಾರ್ಡು. ಇದಕ್ಕಾಗಿಯೇ ಅಲ್ಲವೇ ಇಲ್ಲಿಯ ತನಕ ಕಣ್ಣಾಡಿಸಿದ್ದು? ಬರೆದುಕೊಳ್ಳಿ. ಮೊದಲನೆಯದಾಗಿ ಅದರಲ್ಲಿ ಫ್ಯಾನೇ ಇರಬಾರದು. ಬರೀ ಅಲ್ಯೂಮಿನಿಯಮ್ ಪಟ್ಟಿಗಳಿಂದ ತನ್ನ ಬಿಸಿಯನ್ನು ತಾನೇ ಆರಿಸಿಕೊಳ್ಳುವಂಥದ್ದು ಬೇಕು. ಸಪ್ಪಳವಿಲ್ಲ, ವಾಡಿಯ ಧೂಳನ್ನು ಎಳೆದುಕೊಳ್ಳುವುದೂ ಇಲ್ಲ. ನಿಮ್ಮ ಕಂಪ್ಯೂಟರಿನ ಡಬ್ಬಿ ಚಪ್ಪಟೆಯದು, ಆದ್ದರಿಂದ ಕಾರ್ಡು ಅರ್ಧ ಎತ್ತರದ್ದಿರಬೇಕು. ಮೂರು ಫ್ಯಾನಿನದನ್ನು ಕೂಡಿಸಲು ಮುಚ್ಚಳವನ್ನೇ ತೆಗೆದಿಟ್ಟಿರಬೇಕು ನೀವು, ಧೂಳಿಗೆ ಬಾಗಿಲು ತೆರೆದಿಟ್ಟಂತೆ. ಮತ್ತೆ, ಈಗ ಬರುತ್ತಿರುವ ಹೊಸ ನಮೂನೆಯ ಫೈಲುಗಳನ್ನು ಹತ್ತು ಬಿಟ್ಟಿನ ಬಣ್ಣದ ಸಮೇತ ಕಾರ್ಡು ತಾನೇ ಬಿಚ್ಚಬೇಕು, ಪ್ರೊಸೆಸರಿನ ಮೇಲೆ ಹೊರೆ ಹಾಕಬಾರದು. ಫೋರ್ ಕೆ ಚಿತ್ರವನ್ನು ಅರವತ್ತರ ವೇಗದಲ್ಲೂ ಕೊಡಬಲ್ಲ ಎಚ್‌ಡಿಎಂಐ ಸಾಕೆಟ್ಟು ಇರಬೇಕು. ಇಷ್ಟೂ ಒಂದೇ ಕಾರ್ಡಿನಲ್ಲಿರಲಿ. ಒಂದು ಕಡಿಮೆಯಿದ್ದರೂ ಮುಟ್ಟಬೇಡಿ. ಅಂಗಡಿಯವರು "ಇದೂ ನಡೀತದ್ರಿ" ಎನ್ನುತ್ತಾರೆ, ನಂಬಬೇಡಿ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದ್ ನೋಡಿ, ಅಲ್ಲೂ ಇಲ್ಲವಾದರೆ ಸೊಲ್ಲಾಪುರ. ಅದು ಸಿಕ್ಕು, ಥಿಯೇಟರು ಸಿದ್ಧವಾದ ಮೇಲೆ ಬನ್ನಿ.

ನಿಮಗೆ ಇಷ್ಟು ಬರೆದು ಕೈ ಸೋತವಳು,
ಜಯಮಾಲಾ

ತಾ.ಕ.: ಕಾರ್ಡಿನ ವಿವರ ಸಿಕ್ಕ ಕೂಡಲೇ ಕಾಗದ ಮಡಚಿ ಕಿಸೆಗೆ ಹಾಕಿ ಅಂಗಡಿಗೆ ಓಡುವ ಮನುಷ್ಯರು ನೀವು. ಅದು ಗೊತ್ತಿದ್ದೇ ನಿಜವನ್ನು ಸಹಿಯ ಕೆಳಗೆ ಇಟ್ಟಿದ್ದೇನೆ. ಮೇಲೆ ಹೇಳಿದ ಕಾರ್ಡು ಯಾವ ಅಂಗಡಿಯಲ್ಲೂ ಇಲ್ಲ. ಅಂಥದ್ದೇ ಒಂದನ್ನು ನಾನೇ ಎಲ್ಲ ಕಡೆ ಕೇಳಿ ಕೇಳಿ ಕೈಬಿಟ್ಟಿದ್ದೇನೆ. ನೀವು ಅದನ್ನು ಹುಡುಕುತ್ತ ಅಲೆಯುವಷ್ಟು ದಿನ ಅತ್ತೆ ನನ್ನ ಹತ್ತಿರ ಇರುತ್ತಾರೆ ಎಂಬ ಆಸೆ ನನಗೆ. ಭಾರ ಎಂದು ಬರೆದದ್ದು ಸುಳ್ಳು. ಅವರು ಹೋದರೆ ಈ ಮನೆಯಲ್ಲಿ ನನ್ನನ್ನು ಬೈಯುವವರು ಯಾರೂ ಇರುವುದಿಲ್ಲ.

ಆದರೆ ಅವರು ಕಾಯುತ್ತಿರುವುದು ನಿಮ್ಮನ್ನು. ನಿಮ್ಮಂಥವರನ್ನು! ಏನು ಮಾಡಲಿ, ನಾನು ಅಡ್ಡ ಕೂಡಲಾರೆ. ಆದ್ದರಿಂದ ಇಲ್ಲಿಯವರೆಗೆ ಓದಿದ್ದರೆ ಕೇಳಿ. ನಿಮಗೆ ಯಾವ ಕಾರ್ಡೂ ಬೇಡ. ಬೇರೆಯಾಗುವ ಮೊದಲು ಆ ಕಂಪ್ಯೂಟರನ್ನು ಜೋಡಿಸಿ ಕೊಟ್ಟವಳು ನಾನು. ಸಿನೆಮಾ ಬಿಚ್ಚುವ ಭಾಗ ಅದರ ಪ್ರೊಸೆಸರಿನ ಒಳಗೇ ಇದೆ, ನಿಮ್ಮ ಎಲ್ಲ ಫೈಲುಗಳಿಗೂ ಅದು ಸಾಕು. ಮೂರು ಫ್ಯಾನಿನದನ್ನು ಕಿತ್ತು ಮುಚ್ಚಳ ಹಾಕಿ, ಟಿವಿಯ ಕೇಬಲನ್ನು ಬೋರ್ಡಿನ ಸಾಕೆಟ್ಟಿಗೆ ಚುಚ್ಚಿ. ಪಲ್ಲಂಗವನ್ನೂ ಚೀಲಗಳನ್ನೂ ಆ ಒಳಕೋಣೆಗೇ ತಿರುಗಿ ತನ್ನಿ, ಸೀರೆಯ ಹಗ್ಗ ಕಟ್ಟಿ. ಟಿವಿ ಅಲ್ಲೇ ಇರಲಿ, ಅತ್ತೆಯೂ ನೋಡಲಿ. ಆಮೇಲೆ ಬರುವ ರವಿವಾರ ನೀವೇ ಬನ್ನಿ, ಖಾಜಾಮಿಯಾನನ್ನು ಕಳಿಸಬೇಡಿ. ಬಂದರೆ ಪೂರ್ತಿ ಓದಿದ್ದೀರಿ ಎಂದು ತಿಳಿದು, ಅತ್ತೆಯ ಗಂಟನ್ನು ನಾನೇ ಹೊತ್ತು ತಂದು ಇಡುತ್ತೇನೆ. ಬಾರದಿದ್ದರೆ ಅಲೆಯುತ್ತಿರಿ. ಇಂಥದ್ದೊಂದು ಮಾತು ಬರೆದಿದ್ದೆ ಎಂದು ಅತ್ತೆಗೆ ನಾನು ಯಾವತ್ತೂ ಹೇಳುವುದಿಲ್ಲ.

ಇಷ್ಟು ಹೊತ್ತು ಬರೆಯುವುದನ್ನು ನೋಡಿ ಈಗಷ್ಟೇ ಬಂದು, "ನನ್ನ ಸುದ್ದಿ ಏನರ ಬರದೀಯೇನು?" ಎಂದು ಕೇಳಿದರು. ಬರೆದೀನ್ರಿ ಎಂದೆ. "ಭಾಳ ಬರೀಬ್ಯಾಡವ್ವ, ಅವಗ ಓದ್ಲಿಕ್ಕ ಪುರಸತ್ತ ಎಲ್ಲದ. ಆ ಕಾರ್ಡಿಂದಷ್ಟ ಬರಿ" ಎಂದರು.